ಮಾಹ್ ಬೀಬಿ ಸರಾಯಿಯ ಬೆಳಗಿನ ಕೂಗು

ಓದುಬರಹ ಬಲ್ಲವರು ಅವರನ್ನು ಹಜರತ್ ಶಾಹ ಯಾಸೀನ್ ಎಂದು ಕರೆಯುತ್ತಿದ್ದರು. ವಿಜಾಪುರದ ಪೇಟೆಯ ಜನರಿಗೆ ಮಾತ್ರ ಅವರು ಅಗಸಿ ಸಾಹೇಬರು. ಕೋಟೆಯ ಬಾಗಿಲಿಗಾಗಲಿ, ದೂರದ ವ್ಯಾಪಾರಿಗಳು ತಂಗುವ ಸರಾಯಿಯ ಹೆಬ್ಬಾಗಿಲಿಗಾಗಲಿ ಆ ಸೀಮೆಯವರು ಅಗಸಿ ಎಂದೇ ಅನ್ನುವುದು. ಮಾಹ್ ಬೀಬಿ ಸರಾಯಿಯ ಅಗಸಿಯ ಕಮಾನಿನಡಿ, ಒಳಗೆ ಹೋಗುವವರ ಎಡಗೈಗೆ, ಗೋಡೆಯಲ್ಲೊಂದು ಗೂಡಿತ್ತು. ಕಾವಲುಗಾರರು ಈಟಿ ಒರಗಿಸಲೆಂದು ಹಿಂದೆಂದೋ ಬಿಡಿಸಿದ ಗೂಡು ಅದು. ಅಲ್ಲಿ ಒಂದು ಚಾಪೆ ಹಾಸಿಕೊಂಡು, ಪಕ್ಕದಲ್ಲೊಂದು ಮಣ್ಣಿನ ಹೂಜಿ ಇಟ್ಟುಕೊಂಡು ಆ ಮಹಾತ್ಮರು ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು. ಒಂಟೆಗಳು ಅವರ ಮೊಣಕಾಲು ಸವರಿಕೊಂಡೇ ಹಾಯುತ್ತಿದ್ದವು. ಎದ್ದ ಧೂಳೆಲ್ಲ ಅವರ ಗಡ್ಡದ ಪಾಲಿಗೆ. ದೊಡ್ಡದೊಂದು ಮಠ ಕಟ್ಟಿಸಿಕೊಡುತ್ತೇನೆಂದು ಬಂದ ಸರದಾರರೊಬ್ಬರಿಗೆ, ಇಲ್ಲಿ ಗಾಳಿ ಚೆನ್ನಾಗಿದೆ ಎಂದಷ್ಟೇ ಹೇಳಿ ಕಳಿಸಿಕೊಟ್ಟರಂತೆ.

ಆ ಸರಾಯಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅಮೀರನೊಬ್ಬನ ವಿಧವೆ ಮಾಹ್ ಬೀಬಿ, ಗಂಡನ ಆತ್ಮಕ್ಕೆ ಪುಣ್ಯ ಬರಲೆಂದು ಕಟ್ಟಿಸಿದ್ದು ಅದು. ಹೊರಗೋಡೆಗೆ ಅಂಟಿದ ಅಂಗಡಿಗಳ ಬಾಡಿಗೆಯಿಂದ ಒಳಗಿನ ದೀಪಕ್ಕೆ ಎಣ್ಣೆ, ಹಾದಿಹೋಕರಿಗೆ ರೊಟ್ಟಿ, ದನಗಳಿಗೆ ಮೇವು ನಡೆಯುತ್ತಿದ್ದವು. ನಾಲ್ಕೂ ಕಡೆ ಕೋಣೆಗಳು, ಕೆಳಗೆ ಮಾಲಿನ ಕೊಠಡಿ ಮತ್ತು ಲಾಯ, ಅಂಗಳದ ನಡುವೆ ಕಲ್ಲಿನ ಮಂಟಪ, ಮಂಟಪದಲ್ಲಿ ದೊಡ್ಡ ತಕ್ಕಡಿ. ಹೋರ್ಮುಜಿನ ಕುದುರೆ, ಖುರಾಸಾನದ ಬಾದಾಮಿ, ಕಾಶ್ಮೀರದ ಕೇಸರಿ ಏನೇ ಬರಲಿ, ಮೊದಲು ಯಾವುದಾದರೊಂದು ಸರಾಯಿಗೆ ಬರಬೇಕು. ಅಲ್ಲಿ ತೂಕವಾಗಬೇಕು, ದಲ್ಲಾಳಿ ಬೆಲೆ ಆಡಬೇಕು, ಸುಂಕದವನ ಮುದ್ರೆ ಬೀಳಬೇಕು. ಆಮೇಲಷ್ಟೇ ಮಾಲು ಪೇಟೆ ಸೇರುವುದು. ಸರಾಯಿಯಲ್ಲಿ ಜಾಗವಿಲ್ಲದ ವ್ಯಾಪಾರಿ ಬರೀ ಗಂಟು ಹೊತ್ತು ಬೀದಿಯಲ್ಲಿ ನಿಂತ ಮನುಷ್ಯ, ಅಷ್ಟೆ.

ಇಷ್ಟು ಊರಿನ, ಇಷ್ಟು ಭಾಷೆಯ ಜನ ಒಂದೇ ಸೂರಿನಡಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದದ್ದು ಒಂದು ಪದ್ಧತಿಯ ಬಲದಿಂದ. ಹೊತ್ತು ಮುಳುಗುತ್ತಲೇ ಅಗಸಿ ಮುಚ್ಚುತ್ತಿತ್ತು. ಬೆಳಗಿನ ನಮಾಜು ಮುಗಿದ ಮೇಲೆ ದಾರೋಗ, ಎಂದರೆ ಸರಾಯಿಯ ಯಜಮಾನ, ಅಗಸಿಯ ಬಲಗಡೆಯ ಕೋಣೆಯಿಂದ ಆರಂಭಿಸಿ ಅಂಗಳವನ್ನು ಒಂದು ಸುತ್ತು ಬರುತ್ತ ಪ್ರತಿ ಬಾಗಿಲಿಗೂ ಕೂಗಿ ಕೇಳುತ್ತಿದ್ದ: "ನಿಮ್ಮ ಸ್ವತ್ತು ಜೋಪಾನ ಐತೋ?" ಒಳಗಿನವರು ತಮ್ಮ ಗಂಟುಗಳನ್ನು ಮುಟ್ಟಿ ನೋಡಿ "ಜೋಪಾನ" ಎನ್ನಬೇಕು. ಎಲ್ಲರೂ ಹಾಗೆಂದ ಮೇಲೆಯೇ ಅಗಣಿ ತೆಗೆಯುವುದು. ಒಬ್ಬನೇ ಒಬ್ಬ ಇಲ್ಲವೆಂದರೂ ಕಳೆದದ್ದು ಸಿಗುವವರೆಗೆ ಬಾಗಿಲು ತೆರೆಯುವಂತಿಲ್ಲ. ಸುಲ್ತಾನರ ಮಾಲಿದ್ದರೂ ಒಳಗೇ ಕಾಯಬೇಕು. ಕದ್ದವನಿಗೂ ಸುಳ್ಳು ಕೂಗಿದವನಿಗೂ ಒಂದೇ ಶಿಕ್ಷೆ: ಊರಿನ ಯಾವ ಸರಾಯಿಯಲ್ಲೂ ಅವನಿಗೆ ಕೋಣೆಯಿಲ್ಲ, ತಕ್ಕಡಿಯಿಲ್ಲ. ಸುಳ್ಳು ಕೂಗುವ ಮಾತು ಕಟ್ಟಳೆಯಲ್ಲಿತ್ತೇ ಹೊರತು ಹಾಗೆ ಯಾರಾದರೂ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಕೊನೆಯ ಕೂಗು ಗೂಡಿನಲ್ಲಿದ್ದ ಶಾಹ ಯಾಸೀನರಿಗೆ. ಅವರನ್ನು ಕೇಳುವುದು ದಾರೋಗ ಇದ್ರೀಸ್ ಖಾನನ ಭಕ್ತಿ. ಉತ್ತರ ಕೊಡುವುದು ಅವರ ಮರ್ಯಾದೆ. ಆದರೆ ಅವರು ಕೂಡಲೇ ಉತ್ತರಿಸುತ್ತಿರಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಿದ್ದರು. ಹೇರು ಹೊತ್ತ ಒಂಟೆಗಳು ಗೊರಗುಟ್ಟುತ್ತ ನಿಂತಿರುತ್ತಿದ್ದವು, ವ್ಯಾಪಾರಿಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಆಮೇಲೆ ಮೆಲ್ಲಗೆ "ಜೋಪಾನ" ಎಂಬ ಮಾತು ಬರುತ್ತಿತ್ತು.

ಈ ತಡ ಕಂಡು ಮೈ ಪರಚಿಕೊಳ್ಳುತ್ತಿದ್ದವರು ಅಥಣಿಯ ಕಾಡಪ್ಪ ಶೆಟ್ಟರು. ಅಗಸಿಯ ಎಡಕ್ಕೆ, ಗೂಡಿಗೆ ಗೋಡೆಯಷ್ಟೇ ಅಡ್ಡವಾಗಿದ್ದ ಕೋಣೆ ಅವರ ಕಾಯಂ ಬಿಡಾರ. ಶೆಟ್ಟರದು ಕೇಸರಿ ವ್ಯಾಪಾರ. ಎಸಳನ್ನು ಮೂಸಿ ಅದು ಯಾವ ಸೀಮೆಯದು, ಯಾವ ವರ್ಷದ್ದು ಎಂದು ಹೇಳಬಲ್ಲ ಮೂಗು. ಮನೆಯ ಲಿಂಗಪೂಜೆ ಒಂದು ದಿನ ತಪ್ಪಿಸಿದವರಲ್ಲ. ಆದರೆ ದುಡಿಯದೆ ಕೂತ ದೇವರ ಮನುಷ್ಯರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಈ ವಿಷಯದಲ್ಲಿ ಅವರು ಪಕ್ಷಪಾತಿಯೂ ಅಲ್ಲ. ಜಂಗಮ, ಜೋಗಿ, ಫಕೀರ ಮೂವರನ್ನೂ ಸಮನಾಗಿ ಅನುಮಾನಿಸುತ್ತಿದ್ದರು. ಇರುವುದೊಂದು ಚಾಪೆ, ಒಂದು ಹೂಜಿ. ಅದನ್ನು ತಡಕಾಡಲು ಇಷ್ಟು ಹೊತ್ತು ಬೇಕೇ ಎಂದು ಅವರು ಒಮ್ಮೆ ಗೂಡಿನೆದುರೇ ಆಡಿಕೊಂಡಿದ್ದರು. ಶಾಹ ಯಾಸೀನರು ಮುಗುಳ್ನಕ್ಕು, ತಡವಾದದ್ದಕ್ಕೆ ಕ್ಷಮೆ ಕೇಳಿದ್ದರು. ಕ್ಷಮೆ ಕೇಳಿದ್ದು ಶೆಟ್ಟರಿಗೆ ಇನ್ನಷ್ಟು ಸಿಟ್ಟು ತರಿಸಿತ್ತು.

ಆ ವರ್ಷ ಊರಿನ ದೊಡ್ಡ ಸರದಾರರ ಮನೆಯಲ್ಲಿ ಮದುವೆ ಗೊತ್ತಾಗಿತ್ತು. ಅವರ ಕಾರಭಾರಿ ಇಂಥ ದಿನ ಬೆಳಿಗ್ಗೆ ಪೇಟೆಗೆ ಬಂದು ಕೇಸರಿ ಕೊಳ್ಳುವನೆಂಬ ಸುದ್ದಿ ಹಬ್ಬಿತ್ತು. ಮೊದಲು ಎದುರಾದವರ ಮಾಲು ಪೂರ್ತಿ ಹೋಗುವುದು, ಹಿಂದೆ ಬಂದವರು ಬಾಯಿ ಬಡಿದುಕೊಳ್ಳುವುದು. ಶೆಟ್ಟರು ಮುಂಚಿತವಾಗಿ ಬಂದು ಕೋಣೆ ಹಿಡಿದರು. ಮಾಲು ಮಾತ್ರ ಹಿಂದೆ ಉಳಿಯಿತು. ಅದನ್ನು ಎತ್ತಿನ ಮೇಲೆ ಹೇರಿಕೊಂಡು ಬರುತ್ತಿದ್ದ ಅವರ ಭಾವಮೈದುನ ಗುರುಬಸ್ಸ, ಹಿಂದಿನ ದಿನ ಅಗಸಿ ಮುಚ್ಚಿದ ಗಳಿಗೆಗೆ ಬಂದು ಮುಟ್ಟಿದ. ಮುಚ್ಚಿದ ಬಾಗಿಲು ಯಾರಿಗೂ ತೆರೆಯುವುದಿಲ್ಲ. ಒಳಗೆ ಇಸ್ಫಹಾನದ ಖ್ವಾಜಾ ಬೆಹರೂಜ್ ತನ್ನ ಕೇಸರಿಯನ್ನು ತೂಗಿಸಿ, ಮುದ್ರೆ ಹಾಕಿಸಿ, ಬೆಳಗಾಗುವುದನ್ನೇ ಕಾಯುತ್ತ ಕುಳಿತಿದ್ದ.

ಬಾಗಿಲ ಸಂದಿಯಿಂದ ಭಾವಮೈದುನನಿಗೆ ಶೆಟ್ಟರು ಮೊದಲು ಬಾಯಿಗೆ ಬಂದಂತೆ ಬೈದರು. ಬೈಯುತ್ತಿರುವಾಗಲೇ ಅವರ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಮಾಲು ಹೊರಗೆ ಉಳಿದದ್ದೇ ಒಳ್ಳೆಯದಾಯಿತಲ್ಲ. ಅವರು ದನಿ ತಗ್ಗಿಸಿದರು. ಬೆಳಿಗ್ಗೆ ತಮಗಾಗಿ ಕಾಯಬೇಡ, ಪೇಟೆಯ ಪಕ್ಕದ ಸಣ್ಣ ಸರಾಯಿಯಲ್ಲಿ ತೂಗಿಸಿ ನೇರ ಕಾರಭಾರಿಯ ಬಳಿ ಹೋಗು ಎಂದು ಗುರುಬಸ್ಸನಿಗೆ ಹೇಳಿದರು. ಬೆಹರೂಜನನ್ನು ಒಳಗೇ ಕೂರಿಸುವ ಹೊಣೆ ತಮ್ಮದು ಎಂಬುದನ್ನು ಅವನಿಗೂ ಹೇಳಲಿಲ್ಲ.

ಬೆಳಗಾಯಿತು. ಇದ್ರೀಸ್ ಖಾನನ ಕೂಗು ಒಂದೊಂದೇ ಬಾಗಿಲು ದಾಟಿ ಬಂತು. ಜೋಪಾನ, ಜೋಪಾನ ಎಂದು ಎಲ್ಲ ಕಡೆಯಿಂದ ಉತ್ತರ. ತಮ್ಮ ಬಾಗಿಲಿಗೆ ಬಂದಾಗ ಶೆಟ್ಟರು ಹೊರಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು: "ನಂದೊಂದು ಕೇಸರಿ ಚೀಲ ಕಾಣವಲ್ದು."

ಕೂಗು ಅಲ್ಲಿಗೇ ನಿಂತಿತು. ಅಂಗಳದಲ್ಲಿ ಹೇರು ಏರಿಸುತ್ತಿದ್ದವರ ಕೈಯೂ ನಿಂತಿತು. ಎಂಥ ಚೀಲ, ಯಾವಾಗ ಕಂಡಿದ್ದು ಎಂದೆಲ್ಲ ದಾರೋಗ ಕೇಳಿದ. ಗಿರಾಕಿಗಳಿಗೆ ತೋರಿಸಲೆಂದು ತಂದ ಮಾದರಿಯ ಸಣ್ಣ ಚೀಲವೆಂದು ಶೆಟ್ಟರು ಸಲೀಸಾಗಿ ಹೇಳಿದರು. ಅಂಥ ಚೀಲವೇ ಇರಲಿಲ್ಲ. ಇಲ್ಲದ್ದು ಸಿಗುವುದೂ ಇಲ್ಲ. ಹೊತ್ತು ಏರುವವರೆಗೆ ಹುಡುಕಲಿ, ಆಮೇಲೆ ಎಲ್ಲೋ ಬಿದ್ದಿರಬೇಕು ಬಿಡಿ ಎಂದು ತಾವೇ ದೊಡ್ಡ ಮನಸ್ಸು ಮಾಡಿದರಾಯಿತು ಎಂಬುದು ಅವರ ಲೆಕ್ಕ. ಬೆಹರೂಜ್ ತನ್ನ ಮೂಟೆಯ ಮೇಲೆ ಕುಳಿತು ಕೈ ಕೈ ಹಿಸುಕಿಕೊಳ್ಳುತ್ತಿದ್ದ. ಯಾರಿಗೂ ತೊಂದರೆಯಿಲ್ಲ, ಇವನಿಗೊಂದಿಷ್ಟು ತಡ, ಅಷ್ಟೇ ತಾನೆ ಎಂದು ಶೆಟ್ಟರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹುಡುಕಾಟ ಸಾಗಿತು. ಮೂಟೆಗಳು ಬಿಚ್ಚಿಕೊಂಡವು, ಒಂಟೆಯ ತಡಿಗಳು ತಲೆಕೆಳಗಾದವು. ಕೊನೆಗೆ ಸರಾಯಿಯ ಹಮಾಲರ ಸರದಿ ಬಂತು. ಅವರಲ್ಲಿ ಯಾಕೂತನೆಂಬ ಹಬಶಿ ಜಾತಿಯವನೊಬ್ಬನಿದ್ದ. ಅವನ ಅಜ್ಜನ ಕಾಲಕ್ಕೇ ಕಡಲಾಚೆಯಿಂದ ಬಂದು ಈ ಮಣ್ಣಿನವರಾದ ಜನ. ತಕ್ಕಡಿಯ ಮಂಟಪ ಗುಡಿಸುವುದು ಅವನ ಪಾಲಿನ ಕೆಲಸ. ಅವನ ಸೊಂಟದ ವಸ್ತ್ರ ಬಿಚ್ಚಿಸಿದಾಗ ಒಂದು ಗಂಟು ಬಿತ್ತು. ಬಿಚ್ಚಿದರೆ ಒಳಗೆ ಕೇಸರಿ. ಚೊಕ್ಕಟವಾದ, ಕೆಂಪಗೆ ಹೊಳೆಯುವ ಒಂದು ಹಿಡಿ ಕೇಸರಿ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಕಳ್ಳ ಸಿಕ್ಕ, ಇನ್ನು ಬಾಗಿಲು ತೆಗೆಯುತ್ತಾರೆ. ಯಾಕೂತ ಮಾತ್ರ ತೊದಲುತ್ತ ಏನೋ ಹೇಳುತ್ತಿದ್ದ. ತಕ್ಕಡಿಯಡಿ ಉದುರಿದ್ದು ಗುಡಿಸುವವನ ಪಾಲೆಂಬುದು ಸರಾಯಿಯ ಹಳೆಯ ರೂಢಿ. ಉದುರಿದ ಅಕ್ಕಿ, ಬಾದಾಮಿ ಒಯ್ಯುವಂತೆ ಅವನು ಕಲ್ಲಿನ ಸಂದಿಯಲ್ಲಿ ಬಿದ್ದ ಕೇಸರಿ ಎಸಳುಗಳನ್ನೂ ಆರಿಸಿಕೊಂಡಿದ್ದ. ಹೆಂಡತಿ ಬಸುರಿಯಾದಂದಿನಿಂದ ಆರಿಸುತ್ತಿದ್ದ. ಅವಳೀಗ ಹೆತ್ತು ಬಾಣಂತಿಯಾಗಿದ್ದಳು, ಹಾಲಿಗೆ ಹಾಕಿ ಕೊಡಬೇಕೆಂದು ಗಂಟನ್ನು ಮನೆಗೆ ಒಯ್ಯುವವನಿದ್ದ. ಇದನ್ನು ಯಾರು ನಂಬಬೇಕು? ಗುಡಿಸಿದ್ದರಲ್ಲಿ ಒಂದು ಕಣ ಧೂಳಾದರೂ ಬೇಡವೇ ಎಂದು ಯಾರೋ ಕೇಳಿದರು. ಒಂದೊಂದೇ ಎಸಳನ್ನು ಒರೆಸಿ ಇಟ್ಟೆನೆಂದು ಯಾಕೂತ ಅಂದ. ಜನ ನಕ್ಕರು. ಅಷ್ಟರಲ್ಲಿ ಮಾಳಿಗೆಯ ಮೇಲಿದ್ದವನೊಬ್ಬ ಹೊರಗೆ ಕಾಯುತ್ತಿದ್ದವರಿಗೆ ಬಗ್ಗಿ ಕೂಗಿದ: ಕಳ್ಳ ಸಿಕ್ಕ, ಹಮಾಲ ಯಾಕೂತ.

ಇದ್ರೀಸ್ ಖಾನ ಆ ಗಂಟನ್ನು ತಂದು ಶೆಟ್ಟರ ಅಂಗೈಯಲ್ಲಿಟ್ಟು, ಇದು ನಿಮ್ಮದೇನು ಎಂದು ಕೇಳಿದ.

ಶೆಟ್ಟರು ಮೂಸಿದರು. ಮೂಸಬಾರದಿತ್ತು. ಕಾಶ್ಮೀರದ್ದು ಇತ್ತು, ಖುರಾಸಾನದ್ದು ಇತ್ತು. ಹೊಸದು ಇತ್ತು, ಘಮಲು ಇಳಿದ ಹಳೆಯದೂ ಇತ್ತು. ಎಷ್ಟೋ ವ್ಯಾಪಾರಿಗಳ ಮಾಲು, ಎಷ್ಟೋ ತಿಂಗಳ ತೂಕ. ಇಂಥ ಬೆರಕೆ ಯಾವ ಚೀಲದಲ್ಲೂ ಇರುವುದಿಲ್ಲ, ತಕ್ಕಡಿಯ ಕೆಳಗೆ ಮಾತ್ರ ಇರುತ್ತದೆ. ಯಾಕೂತ ಆಡಿದ್ದು ಅಕ್ಷರಶಃ ನಿಜವೆಂದು ಆ ಅಂಗಳದಲ್ಲಿ ತಿಳಿದವರು ಅವರೊಬ್ಬರೇ. ನನ್ನದಲ್ಲ ಎಂದರೆ ಬೆಹರೂಜನದಿರಬೇಕೆಂದು ಹಮಾಲನನ್ನು ಹಿಡಿಯುತ್ತಾರೆ. ನಿಜ ಹೇಳಿದರೆ ತಮ್ಮ ಅನ್ನಕ್ಕೆ ತಾವೇ ಮಣ್ಣು ಹಾಕಿಕೊಂಡಂತೆ. ಅವರು ಗುರುತು ಹತ್ತುತ್ತಿಲ್ಲ ಎಂದು ಗೊಣಗಿ ಗಂಟನ್ನು ಹಿಂದಕ್ಕೆ ಕೊಟ್ಟರು. ದಾರೋಗ ಅದನ್ನು ಹೌದೆಂದೇ ತಿಳಿದು, ಯಾಕೂತನ ಕೈ ಕಟ್ಟಿ ಕೊತವಾಲನ ಚಾವಡಿಗೆ ಒಯ್ಯಲು ಆಳುಗಳಿಗೆ ಹೇಳಿದ. ಚಾವಡಿಗೆ ಹೋದ ಹಮಾಲ ಮತ್ತೆ ಯಾವ ಸರಾಯಿಯ ಹೊಸ್ತಿಲನ್ನೂ ತುಳಿದದ್ದಿಲ್ಲ. ಚಾವಡಿಯ ಪೆಟ್ಟು ಬೇರೆ.

ಯಾರಾದರೂ ಇದನ್ನು ತಡೆಯಲಿ ಎಂದು ಶೆಟ್ಟರು ಮನಸಾರೆ ಬೇಡಿಕೊಂಡರು, ತಡೆಯಬಲ್ಲವರು ತಾವೇ ಎಂಬುದನ್ನು ನೆನೆಯಲಾರದೆ.

ಆಗ ಗೂಡಿನಿಂದ ಮಾತು ಬಂತು. ಅಗಣಿಗೆ ಕೈ ಹಾಕಿದ್ದ ಇದ್ರೀಸ್ ಖಾನನಿಗೆ ಶಾಹ ಯಾಸೀನರು, ಕೂಗು ಪೂರ್ತಿಯಾಗಿಲ್ಲವೆಂದು ನೆನಪಿಸಿದರು. ನಿಜವೇ, ಶೆಟ್ಟರ ಬಾಗಿಲಲ್ಲಿ ನಿಂತ ಕೂಗು ಗೂಡಿನವರೆಗೆ ಬಂದೇ ಇರಲಿಲ್ಲ. "ಮೊದಲಿಂದ ಕೂಗ್ರಿ. ಯಾರನ್ನೂ ಬಿಡಬ್ಯಾಡ್ರಿ" ಎಂದರು ಅವರು.

ಅವರ ಮಾತನ್ನು ಮೀರಿ ಅಗಣಿ ತೆಗೆಯುವ ಧೈರ್ಯ ಯಾರಿಗಿತ್ತು? ದಾರೋಗ ಮತ್ತೆ ಬಲಗಡೆಯ ಕೋಣೆಯಿಂದ ಹೊರಟ. ಜೋಪಾನ, ಜೋಪಾನ. ಬೇಸತ್ತ ದನಿಗಳು, ಅವಸರದ ದನಿಗಳು. ಬೆಹರೂಜನೂ ಜೋಪಾನ ಎಂದ. ಆ ಸುತ್ತು ತಮ್ಮ ಕಡೆಗೆ ಬರುವುದನ್ನು ಶೆಟ್ಟರು ಕಂಬ ಹಿಡಿದು ನಿಂತು ಕೇಳಿದರು. ತಮ್ಮ ಬಾಗಿಲಿಗೆ ಬಂದಾಗ ಅವರ ಬಾಯಿಂದ ಹೌದೂ ಬರಲಿಲ್ಲ, ಅಲ್ಲವೂ ಬರಲಿಲ್ಲ. ಇದ್ರೀಸ್ ಖಾನ ಕಾದು ನೋಡಿ ಮುಂದೆ ನಡೆದು ಗೂಡಿನೆದುರು ನಿಂತ.

"ಹಜರತ್, ನಿಮ್ಮ ಸ್ವತ್ತು ಜೋಪಾನ ಐತೋ?"

ಶಾಹ ಯಾಸೀನರು ಎಂದಿನಂತೆ ಕಣ್ಣು ಮುಚ್ಚಿದರು. ಅಂದು ಯಾರೂ ಗೊಣಗಲಿಲ್ಲ. ಕಣ್ಣು ತೆರೆದು ಅವರು ಹೇಳಿದರು: "ಇಲ್ಲ. ನಂದೂ ಕಳದೈತಿ."

ದಾರೋಗ ತಬ್ಬಿಬ್ಬಾದ. ಚಾಪೆ ಅಲ್ಲೇ ಇತ್ತು, ಹೂಜಿ ಅಲ್ಲೇ ಇತ್ತು. ಏನು ಕಳೆದಿದೆಯೆಂದು ಕೇಳಲೂ ಅವನಿಗೆ ಭಯವಾಯಿತು. ಕೇಳಿದ.

"ನನ್ನ ನೆರೆಯವರು" ಎಂದರು ಶಾಹ ಯಾಸೀನರು. "ನಿನ್ನೆ ಸಂಜೀತನಕ ಇದ್ರು. ಸಿಗೂತನಕ ಬಾಗಿಲ ತಗೀಬ್ಯಾಡ್ರಿ."

ಅವರು ಯಾರ ಕಡೆಗೂ ನೋಡಲಿಲ್ಲ. ಅವರಿಗೆ ಅದು ಹೇಗೆ ತಿಳಿಯಿತೆಂದು ವಾದ ಮಾಡುವವರು ಇಂದಿಗೂ ಇದ್ದಾರೆ. ಬಾಗಿಲ ಸಂದಿಯಲ್ಲಿ ಆಡಿದ ಮಾತು ಗೂಡಿಗೆ ಕೇಳಿಸಿರಬಹುದು, ದೇವರು ತಿಳಿಸಿರಬಹುದು. ಅಂದಿನ ಬೆಳಗಿಗೆ ಅದರಿಂದ ವ್ಯತ್ಯಾಸವೇನೂ ಇಲ್ಲ. ಕಾಡಪ್ಪ ಶೆಟ್ಟರಿಗೆ ಆದದ್ದು ಇಷ್ಟು: ಬೈಗುಳಕ್ಕೆ ಅವರು ಸಿದ್ಧರಿದ್ದರು, ಬೈಗುಳ ಬರಲಿಲ್ಲ. ಶಾಪಕ್ಕೆ ಸಿದ್ಧರಿದ್ದರು, ಅದೂ ಬರಲಿಲ್ಲ. ತಾವು ಅಷ್ಟು ಹಂಗಿಸಿದ್ದ ಮನುಷ್ಯ, ತಮ್ಮನ್ನು ತನ್ನ ಸ್ವತ್ತೆಂದು ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ತಡಕಿ ನೋಡುತ್ತಿದ್ದನೆಂದರೆ ಏನು ಮಾಡುವುದು? ಅವರ ಎದೆ ಒಡೆದುಹೋಯಿತು. ಕಂಬ ಬಿಟ್ಟು ಅಂಗಳದ ನಡುವೆ ಬಂದರು.

"ನಂದೇನೂ ಕಳದಿಲ್ಲ" ಎಂದರು. "ಚೀಲ ಅನ್ನೂದೇ ಇರಲಿಲ್ಲ. ಖ್ವಾಜಾನ್ನ ತಡಿಯಾಕ ಸುಳ್ಳ ಕೂಗಿದ್ನಿ. ಆ ಕೇಸರಿ ತಕ್ಕಡಿ ಕೆಳಗಿಂದ. ಯಾಕೂತ ಹೇಳಿದ್ದು ಖರೇ."

ಬೆಹರೂಜ್ ಮೂಟೆಯಿಂದ ಎದ್ದು ನಿಂತ, ಮತ್ತೆ ಕುಳಿತುಬಿಟ್ಟ. ಇದ್ರೀಸ್ ಖಾನ ಯಾಕೂತನ ಕಟ್ಟನ್ನು ಸ್ವತಃ ಬಿಚ್ಚಿ, ಗಂಟನ್ನು ಅವನ ಕೈಗೆ ಕೊಟ್ಟ. ಶೆಟ್ಟರ ಕಡೆ ತಿರುಗಿ, ಇಷ್ಟು ವರ್ಷದ ಪರಿಚಯದ ನೋವು ದನಿಯಲ್ಲಿ ತುಂಬಿ, ಕಟ್ಟಳೆ ನಿಮಗೆ ಗೊತ್ತೇ ಇದೆ ಎಂದಷ್ಟೇ ಹೇಳಿದ. ಶೆಟ್ಟರು ತಲೆಯಾಡಿಸಿದರು. ವಿಜಾಪುರದಲ್ಲಿ ಅವರ ವ್ಯಾಪಾರ ಅಲ್ಲಿಗೆ ಮುಗಿಯಿತು. ಮುಂದೆ ಆ ಕಟ್ಟಳೆಯನ್ನು ಅವರಿಗಾಗಿ ಯಾರೂ ಸಡಿಲಿಸಲಿಲ್ಲ, ಸಡಿಲಿಸಿರೆಂದು ಶಾಹ ಯಾಸೀನರೂ ಹೇಳಲಿಲ್ಲ, ಶೆಟ್ಟರೂ ಕೇಳಲಿಲ್ಲ.

ದಾರೋಗ ಮತ್ತೊಮ್ಮೆ ಗೂಡಿನ ಎದುರು ನಿಂತು ತಲೆ ತಗ್ಗಿಸಿದ. ಅವನು ಬಾಯಿ ತೆರೆಯುವ ಮೊದಲೇ ಶಾಹ ಯಾಸೀನರು, "ಸಿಕ್ಕರು. ಬಾಗಿಲ ತಗೀರಿ" ಎಂದರು.

ಅಗಣಿ ಸರಿಯಿತು. ಶೆಟ್ಟರು ಓಡಿಹೋಗಿ ಅವರ ಪಾದಕ್ಕೆ ಬೀಳಹೋದರು. ಮಹಾತ್ಮರು ತಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅದು ತಿರಸ್ಕಾರದಿಂದಲ್ಲವೆಂದು ಅವರ ಕಣ್ಣು ನೋಡಿದವರಿಗೆ ತಿಳಿಯುತ್ತಿತ್ತು. ಆ ಕಣ್ಣುಗಳು ತುಂಬಿದ್ದವು.

"ಇಲ್ಲೇನೈತಿ?" ಎಂದರು ಅವರು. "ಸುದ್ದಿ ಗ್ವಾಡಿ ದಾಟಿ ಹೋಗೈತಿ. ಅದರ ಹಿಂದ ಹೋಗ್ರಿ."

ಶೆಟ್ಟರು ಎದ್ದು ಯಾಕೂತನ ಕಡೆ ನೋಡಿದರು. ಅವನಾಗಲೇ ಗಂಟು ಹಿಡಿದು ಮನೆಯತ್ತ ಧಾಪುಗಾಲು ಹಾಕುತ್ತಿದ್ದ. ಅವನ ಹಿಂದೆ ಹೊರಟರು. ಹಾದಿಯಲ್ಲಿ ಪೇಟೆ ಅಡ್ಡ ಬಂತು. ಗುರುಬಸ್ಸ ಖಾಲಿ ಎತ್ತುಗಳನ್ನು ಹೊಡೆದುಕೊಂಡು ಎದುರಿಗೇ ಬಂದ, ಮುಖ ಅರಳಿಸಿ ದೂರದಿಂದಲೇ ಕೈ ಬೀಸಿದ. ಕಾರಭಾರಿ ಎಲ್ಲ ಮಾಲನ್ನೂ ಕೊಂಡಿದ್ದ. ಶೆಟ್ಟರ ಉಪಾಯ ಫಲಿಸಿತ್ತು. ಭಾವ ತನ್ನ ಮುಂದಿನಿಂದಲೇ ಗುರುತು ಸಿಗದವರಂತೆ ಹಾದುಹೋದದ್ದು ಕಂಡು ಗುರುಬಸ್ಸ ಬೆರಗಾಗಿ ನಿಂತ.

ಹಬಶಿಗಳ ಓಣಿಗೆ ಸುದ್ದಿ ಇವರಿಗಿಂತ ಮೊದಲೇ ತಲುಪಿತ್ತು. ಯಾಕೂತ ಬರುವುದನ್ನು ಕಂಡು ಕಟ್ಟೆಯ ಮೇಲಿದ್ದವರು ಮಾತು ನಿಲ್ಲಿಸಿದರು. ಒಬ್ಬ ಹೆಂಗಸು ತನ್ನ ಬಾಗಿಲು ಮುಂದೆ ಮಾಡಿಕೊಂಡಳು. ಅವನ ಹೆಂಡತಿ ಹಲೀಮಾ ಕೂಸನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ಕುಳಿತಿದ್ದಳು. ಬಾಣಂತಿ ಹೊಸ್ತಿಲಿಗೆ ಬರಬಾರದು, ಆದರೂ ಬಂದಿದ್ದಳು. ಶೆಟ್ಟರು ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು, ಆದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಆಕೆ ಅರ್ಧಕ್ಕೇ ತಡೆದಳು.

"ನನಗ ಹೇಳೂದು ಬ್ಯಾಡ್ರಿ ಶೆಟ್ರ. ನನ್ನ ಗಂಡನ್ನ ನಾ ಬಲ್ಲೆ. ಓಣಿಗೆ ಹೇಳ್ರಿ. ಕೇಳೂ ಹಂಗ ಹೇಳ್ರಿ."

ಅವರು ಓಣಿಯ ನಡುವೆ ಹೋಗಿ ನಿಂತರು. ಸಂತೆಯ ಗದ್ದಲದಲ್ಲೂ ಮಾಲು ಕೂಗಿ ಮಾರಿದ ಗಂಟಲು ಅದು. ಅದೇ ಗಂಟಲಿನಿಂದ ಕೂಗಿದರು.

"ಅಥಣಿ ಕಾಡಪ್ಪ ಶೆಟ್ಟಿ ನಾನು. ಯಾಕೂತ ಕಳ್ಳ ಅಲ್ಲ. ಸುಳ್ಳ ಹೇಳಿದವ ನಾನು."

ಬಾಗಿಲುಗಳು ತೆರೆದವು. ಮಾಳಿಗೆಯ ಮೇಲೆ ತಲೆಗಳು ಕಂಡವು. ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಅದನ್ನೇ ಕೂಗಿದರು, ಮತ್ತೆ ಮುಂದೆ ಹೋಗಿ ಕೂಗಿದರು. ಕಿವಿ ಮಂದವಾದ ಮುದುಕಿಯೊಬ್ಬಳು ಗೋಡೆ ಹಿಡಿದು ಬಂದು, ಯಾರು ಕಳ್ಳ ಅಲ್ಲ ಎಂದು ಕೇಳಿದಳು. ಶೆಟ್ಟರು ಅವಳ ಕಿವಿಯ ಹತ್ತಿರ ಬಗ್ಗಿ ಮೊದಲಿನಿಂದ ಎಲ್ಲವನ್ನೂ ಹೇಳಿದರು. ಅವಳು ಕೇಳಿ, ಅವರನ್ನು ಮೇಲಿನಿಂದ ಕೆಳಗೆ ನೋಡಿ, ಯಾಕೂತನ ಮನೆಯ ಕಡೆ ನಡೆದಳು. ಬಾಗಿಲು ಮುಂದೆ ಮಾಡಿಕೊಂಡಿದ್ದ ಹೆಂಗಸೂ ಆ ಕಡೆ ಹೊರಟಳು. ಶೆಟ್ಟರ ಗಂಟಲು ಬಿರಿದಿತ್ತು, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದುದು ಪ್ರತಿ ಕೂಗಿಗೂ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು.

ಓಣಿ ಮುಗಿದಲ್ಲಿ ಯಾಕೂತ ಹಿಂದಿನಿಂದ ಬಂದು ಅವರ ತೋಳು ಹಿಡಿದ.

"ಸಾಕ್ರಿ ಶೆಟ್ರ" ಎಂದ. "ಎಲ್ಲಾರಿಗೂ ಕೇಳಿಸ್ತು."

"ಇಲ್ಲೋ ತಮ್ಮಾ" ಎಂದರು ಕಾಡಪ್ಪ ಶೆಟ್ಟರು. "ಆ ಕಡೆ ಇನ್ನೊಂದು ಓಣಿ ಐತಿ." ಮುಂಡಾಸನ್ನು ಕಂಕುಳಲ್ಲಿ ಇರುಕಿಕೊಂಡು ಅವರು ಆ ಓಣಿಯತ್ತ ತಿರುಗಿದರು.